ಓದದೆ ಒಂದು ಚೂರನ್ನೂ ಕೊಡುವುದಿಲ್ಲ

ಅರಸೀಕೆರೆ
೧೨-೮-೧೯೫೮

ಜಾವಗಲ್ಲಿನ ಅತ್ತಿಗೆ ರುದ್ರಮ್ಮನವರಿಗೆ ಮೈದುನ ರೇವಣಸಿದ್ದಪ್ಪ ಮಾಡುವ ಶರಣು.

ದ್ರಾಕ್ಷಾಯಣಿ, ಇದನ್ನು ಅವ್ವನಿಗೆ ನಿಧಾನವಾಗಿ ಓದಿ ಹೇಳು. ನಡುವೆ ನಿನ್ನ ಮಾತು ಸೇರಿಸಬೇಡ.

ಅಣ್ಣ ತೀರಿಕೊಂಡು ಒಂಬತ್ತು ತಿಂಗಳಾಯಿತು. ಹೋದ ವಾರ ಬಂದಿದ್ದಾಗ ನಿಮ್ಮ ಪಡಸಾಲೆ ನೋಡಿ ನನಗೆ ಸಂಕಟವಾಯಿತು. ಹನ್ನೊಂದು ಗೋಣಿಚೀಲ ಕಾಗದ. ಕಿಟಕಿಯ ತಂತಿಗೆ ಚುಚ್ಚಿ ನೇತುಹಾಕಿದ್ದು ಬೇರೆ. ಅಣ್ಣ ಊರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದವನು. ಅಕ್ಷರವಿರುವ ಕಾಗದವೆಂದರೆ ಸರಸ್ವತಿ, ಕಾಲಿಗೆ ತಾಗಬಾರದು ಎಂದು ಮದುವೆಯ ಕರೆಯೋಲೆಯಿಂದ ಹಿಡಿದು ಔಷಧಿ ಸೀಸೆಗೆ ಸುತ್ತಿದ ಕಾಗದದವರೆಗೆ ಎಲ್ಲವನ್ನೂ ಎತ್ತಿಟ್ಟ. ಅವನ ಕಾಲ ಮುಗಿಯಿತು. ಮನೆಯಲ್ಲಿ ಮನುಷ್ಯರು ಕೂರುವ ಹಾಗಾಗಬೇಕು.

ಗೌರಿಹಬ್ಬ ಕಳೆದ ಮೇಲೆ ಗಂಡಸಿಯಿಂದ ನಾಲ್ಕು ಜನ ದೊಡ್ಡವರು ಅಲ್ಲಿಗೆ ಬರುವವರಿದ್ದಾರೆ. ಜಮಖಾನ ಹಾಸಲು ಜಾಗ ಬೇಕು. ಚೀಲಗಳನ್ನು ಬಸ್ಸಿನ ಮೇಲೆ ಹಾಕಿಸಿ ಕಳಿಸಿ. ಇಲ್ಲಿ ದಿನಸಿ ಅಂಗಡಿಯವರು ಪೊಟ್ಟಣ ಕಟ್ಟಲು ತೆಗೆದುಕೊಳ್ಳುತ್ತಾರೆ. ಯಾವುದು ಬೇಕು, ಯಾವುದು ಬೇಡ ಎಂದು ಆರಿಸುತ್ತ ಕೂರಬೇಡಿ. ನಿಮಗೆ ಓದು ಬರದು. ಆರಿಸುವುದು ಏನನ್ನು?

ಇಲ್ಲಿ ಎಲ್ಲರೂ ಆರೋಗ್ಯ.

ರೇವಣಸಿದ್ದಪ್ಪ


ಜಾವಗಲ್
೨೦-೮-೧೯೫೮

ಮೈದುನರಿಗೆ ಶರಣು. ನಾನು ಹೇಳುತ್ತಿದ್ದೇನೆ, ದ್ರಾಕ್ಷಾಯಣಿ ಬರೆಯುತ್ತಿದ್ದಾಳೆ.

‘ಆರಿಸುವುದು ಏನನ್ನು’ ಎಂದು ಕೇಳಿದ್ದೀರಿ. ಆ ಮಾತನ್ನು ಎರಡು ಸಲ ಓದಿಸಿಕೊಂಡೆ. ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ವಾರಕ್ಕೊಮ್ಮೆ ಆ ಕಾಗದಗಳ ಧೂಳು ಹೊಡೆದಿದ್ದೇನೆ. ಗೆದ್ದಲು ಹತ್ತಿದಾಗ ಬೇವಿನ ಸೊಪ್ಪು ಇಟ್ಟಿದ್ದೇನೆ. ಹೆಂಚು ಒಡೆದು ಸೋರಿದಾಗ ನನ್ನ ಸೀರೆ ಹೊದಿಸಿದ್ದೇನೆ. ಒಳಗೇನಿದೆ ಎಂದು ನಿಮ್ಮಣ್ಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳಬೇಕು ಅನಿಸಿದೆ.

ಮೊನ್ನೆ ಹುಚ್ಚಮ್ಮ ಬಂದು ಜಗಲಿಯ ಮೇಲೆ ಕೂತಳು. “ನನ್ ಮಗನ್ ಸ್ಕೂಲಿನ್ ಸಲ್ಟಿಪಿಕೇಟು ನಿಮ್ ಯಜಮಾನ್ರ ತಾವೇ ಐತೆ ಕಣವ್ವ. ನಮ್ ಗುಡ್ಲು ಸೋರ್ತದೆ ಅಂತ ಇಲ್ಲೇ ಮಡಗಿದ್ದೊ” ಎಂದಳು. ಅದು ಅರಸೀಕೆರೆಯಲ್ಲಿ ಮೆಣಸಿನಕಾಯಿ ಪೊಟ್ಟಣವಾಗಿ ಹೋದರೆ ಆಕೆಗೆ ನಾನೇನು ಹೇಳಲಿ? ಹೀಗೆ ಎಷ್ಟು ಜನರದು ಇದೆಯೋ.

ಆದ್ದರಿಂದ ಚೀಲ ಕಳಿಸುವುದಿಲ್ಲ. ಓದದೆ ಒಂದು ಚೂರನ್ನೂ ಕೊಡುವುದಿಲ್ಲ.

ಗಂಡಸಿಯಿಂದ ಬರುವವರು ಯಾರು, ಯಾಕೆ ಬರುತ್ತಾರೆ? ಅದನ್ನು ನೀವು ಬರೆದಿಲ್ಲ.

ರುದ್ರಮ್ಮ


ಅರಸೀಕೆರೆ
೨-೯-೧೯೫೮

ಅತ್ತಿಗೆಯವರಿಗೆ ಶರಣು.

ಎಲ್ಲವನ್ನೂ ಕಾಗದದಲ್ಲಿ ಬರೆಯಲು ಆಗುವುದಿಲ್ಲ. ಬರೆದದ್ದನ್ನು ನಿಮಗೆ ಓದಿ ಹೇಳುವವಳು ಯಾರೆಂದು ಗೊತ್ತಿದೆಯಲ್ಲ. ಮಠದ ಕರಿಬಸವಯ್ಯನವರು ಆ ಕಡೆ ಬರುತ್ತಾರೆ. ಅವರು ಬಾಯಲ್ಲಿ ಹೇಳುವುದನ್ನು ನೀವೊಬ್ಬರೇ ಕೂತು ಕೇಳಿ. ಮುಂದೆ ಆ ವಿಚಾರ ಬರೆಯಬೇಕಾದಾಗ ‘ತೆಂಗಿನ ಸಸಿ’ ಎಂದು ಬರೆಯೋಣ. ತಿಳಿಯುತ್ತದೆ.

ಪಡಸಾಲೆ ದಸರೆಗಾದರೂ ತೆರವಾಗಲಿ.

ರೇವಣಸಿದ್ದಪ್ಪ


ಜಾವಗಲ್
೫-೧೦-೧೯೫೮

ಮೈದುನರಿಗೆ ಶರಣು.

ಕರಿಬಸವಯ್ಯನವರು ಬಂದು ಹೋದರು. ನಮ್ಮ ತೆಂಗಿನ ಸಸಿಯನ್ನು ಗಂಡಸಿಯ ಜಯದೇವಪ್ಪನವರ ತೋಟಕ್ಕೆ ಕೊಡುವುದಾಗಿ ನಿಮ್ಮಣ್ಣ ಬದುಕಿದ್ದಾಗಲೇ ಮಾತು ಕೊಟ್ಟಿದ್ದರಂತೆ. ಬರುವ ಮಾಘದಲ್ಲಿ ನೆಡಬೇಕಂತೆ. ನನಗೆ ನಂಬಿಕೆ ಬರಲಿಲ್ಲ. ಪಕ್ಕದ ಮನೆಗೆ ಹೆಪ್ಪು ಕೊಟ್ಟರೂ ಬರೆದಿಡುತ್ತಿದ್ದ ಮನುಷ್ಯ ಅವರು. ಇಂಥ ಮಾತು ಕೊಟ್ಟಿದ್ದರೆ ಬರೆಯದೆ ಇರುತ್ತಿರಲಿಲ್ಲ. ಬರೆದಿದ್ದರೆ ಅದರ ನಕಲು ಈ ಚೀಲಗಳಲ್ಲಿ ಇರಲೇಬೇಕು. ಅದು ಸಿಕ್ಕಿ, ಅದರಲ್ಲಿ ಏನಿದೆ ಎಂದು ತಿಳಿಯುವ ತನಕ ಪಡಸಾಲೆ ತೆರವಾಗುವುದಿಲ್ಲ. ಕೂರಲು ಜಾಗವಿಲ್ಲದ ಮನೆಗೆ ದೊಡ್ಡವರನ್ನು ಕರೆತಂದು ಅವರಿಗೆ ಅವಮಾನ ಮಾಡಬೇಡಿ.

ಸಸಿಗೆ ಇನ್ನೂ ಹದಿನಾಲ್ಕು ಎಂಬುದು ನಿಮಗೆ ನೆನಪಿರಲಿ.

ರುದ್ರಮ್ಮ

ಚಿಕ್ಕಪ್ಪ, ಅವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ಹದಿನಾಲ್ಕು ವರ್ಷದ ತೆಂಗನ್ನು ಯಾರೂ ಸಸಿ ಅನ್ನುವುದಿಲ್ಲ. ಅದು ನಾನೇ ಎಂದು ನನಗೆ ಗೊತ್ತಾಗಿದೆ. — ದ್ರಾಕ್ಷಾಯಣಿ


ಅರಸೀಕೆರೆ
೩೦-೧೦-೧೯೫೮

ಅತ್ತಿಗೆಯವರಿಗೆ.

ಹುಡುಗಿಗೆ ಬಾಯಿ ಹೆಚ್ಚಾಗಿದೆ. ಗೊತ್ತಾದ ಮೇಲೆ ಮುಚ್ಚುಮರೆ ಯಾಕೆ, ಬಿಡಿಸಿಯೇ ಬರೆಯುತ್ತೇನೆ. ಜಯದೇವಪ್ಪನವರ ಎರಡನೆಯ ಮಗನಿಗೆ ದ್ರಾಕ್ಷಾಯಣಿಯನ್ನು ಕೊಡುವುದಾಗಿ ಅಣ್ಣ ಮಾತು ಕೊಟ್ಟದ್ದು ನಿಜ. ನನ್ನ ಎದುರಿಗೇ ಹೇಳಿದ್ದ. ಒಳ್ಳೆಯ ಮನೆತನ. ತಂದೆಯಿಲ್ಲದ ಹುಡುಗಿಗೆ ಇದಕ್ಕಿಂತ ಬೇರೆ ಏನು ಬೇಕು?

ನನಗೂ ಮೂರು ಹೆಣ್ಣುಮಕ್ಕಳಿದ್ದಾರೆ. ಮಾತಿಗೆ ತಪ್ಪಿದ ಮನೆ ಎಂದು ಹೆಸರು ಬಂದರೆ ನಾಳೆ ಅವರನ್ನು ಕೇಳುವವರು ಯಾರು? ಅದನ್ನು ಒಂದು ದಿನವಾದರೂ ಯೋಚಿಸಿದ್ದೀರಾ?

ಚೀಲದಲ್ಲಿ ಹುಡುಕುತ್ತೇನೆ ಎನ್ನುವುದು ಬರೀ ನೆಪ. ಹುಡುಗಿ ಸ್ಕೂಲಿಗೆ ಹೋಗುತ್ತಾಳೆ, ನಿಮಗೆ ಅಕ್ಷರ ಬರದು, ಹುಡುಕುವವರು ಯಾರು? ಸಂಕ್ರಾಂತಿ ಕಳೆದ ಮರುದಿನ ಕರಿಬಸವಯ್ಯನವರ ಜೊತೆ ಗಾಡಿ ಕಳಿಸುತ್ತೇನೆ. ಚೀಲಗಳನ್ನು ಹೇರಿಸಿ ಕಳಿಸುವುದು.

ರೇವಣಸಿದ್ದಪ್ಪ


ಜಾವಗಲ
೧೪-೧೨-೫೮

ಮೈದುನರಿಗೆ

ಇದು ನಾನೇ ಬರೆದ ಕಾಗದ. ಮಗಳ ಕೈ ಇದರಲಿ ಇಲ. ಒತು ಕೊಡಲು ಇನೂ ಬರದು. ಅದಕೇ ಒತು ಬಿಟು ಬರೆದೆ. ನಾಲಕು ತಿಂಗಳು ಸಲೇಟು ಹಿಡಿದೆ. ಆರು ಚೀಲ ಮುಗಿಯಿತು. ಐದು ಉಳಿದಿದೆ. ಗಾಡಿ ಬೇಡ.

ರುದರಮ


ಅರಸೀಕೆರೆ
೨೭-೧೨-೧೯೫೮

ಅತ್ತಿಗೆಯವರಿಗೆ.

ಹದಿನಾಲ್ಕನೆಯ ತಾರೀಖಿನ ಕಾಗದ ತಲುಪಿತು. ದ್ರಾಕ್ಷಾಯಣಿ, ಎಡಗೈಯಲ್ಲಿ ಬರೆದು ಚಿಕ್ಕಪ್ಪನನ್ನು ಆಟ ಆಡಿಸಬೇಡ. ನಲವತ್ತರ ಹತ್ತಿರದ ಹೆಂಗಸು ಸ್ಲೇಟು ಹಿಡಿದು ಕೂತಳು ಎಂದರೆ ನಂಬಲು ನಾನು ಮಗುವಲ್ಲ. ಅಂಗಡಿಯಲ್ಲಿದ್ದವರಿಗೆ ತೋರಿಸಿದೆ, ಎಲ್ಲರೂ ನಕ್ಕರು.

ಗಾಡಿ ಬರುತ್ತದೆ.

ರೇವಣಸಿದ್ದಪ್ಪ


ಜಾವಗಲ್
೨೦-೧-೧೯೫೯

ಮೈದುನರಿಗೆ ಶರಣು.

ಒತ್ತಕ್ಷರ ಬಂತು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಗಾಡಿ ಬರಿದಾಗಿ ಬಂದದ್ದು ಯಾಕೆ ಎಂದು ಕರಿಬಸವಯ್ಯನವರು ನಿಮಗೆ ಏನು ಹೇಳಿದರೋ ಕಾಣೆ. ನಡೆದದ್ದನ್ನು ನಾನು ಬರೆಯುತ್ತೇನೆ. ಅವರು ಬಂದಾಗ ನಾನು ಹೊಸ್ತಿಲ ಮೇಲೆ ಕೂತಿದ್ದೆ. ಎರಡು ಆಳು ಬೇರೆ ಬಂದಿದ್ದರು. “ದಾರಿ ಬಿಡಿ ತಾಯಿ, ರೇವಣ್ಣನೋರು ಹೇಳವ್ರೆ” ಎಂದರು ಅಯ್ಯನವರು.

“ಬಿಡ್ತೀನಿ ಅಯ್ನೋರೆ. ನೀವು ಒಳಗೋಗಿ ಯಾವ್ ಚೀಲದಿಂದನಾದ್ರೂ ಒಂದು ಕಾಗ್ದ ಎತ್ಕೊಂಬನ್ನಿ. ನಂಗೆ ಓದಾಕೆ ಬರ್ನಿಲ್ಲ ಅಂದ್ರೆ ಇರೋ ಚೀಲನೆಲ್ಲ ಹೇರ್ಕೊಂಡೋಗಿ” ಎಂದೆ.

ಅವರು ನಗುತ್ತ ಹೋಗಿ ಒಂದನ್ನು ತಂದರು. ನಿಮ್ಮಣ್ಣನ ಅಕ್ಷರ, ಇರುವೆ ಸಾಲು. ಅಚ್ಚಿನ ಅಕ್ಷರದಷ್ಟು ಸುಲಭವಲ್ಲ. ಬೆವರು ಬಂತು. ಬೆರಳಿಟ್ಟು ಓದಿದೆ. ಅದು ಕರಿಬಸವಯ್ಯನವರ ತಾಯಿಗೆ ಕಣ್ಣು ಕಾಣದಾದಾಗ ದೊಡ್ಡಾಸ್ಪತ್ರೆಗೆ ಬರೆಸಿದ್ದ ಅರ್ಜಿ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅವರ ನಗು ನಿಂತಿತ್ತು. “ಅದು ನಮ್ಮವ್ವನ ಹೆಸ್ರು” ಎಂದರು. ಪೂರ್ತಿ ಓದಿಸಿಕೊಂಡರು. ಆ ಕಾಗದ ಕೊಡುತ್ತೀರಾ ಎಂದು ಕೇಳಿದರು. ಅವರದೇ ಕಾಗದ, ಕೊಟ್ಟೆ. ಮಜ್ಜಿಗೆ ಕುಡಿದು ಗಾಡಿ ತಿರುಗಿಸಿದರು.

ಹೋಗುವಾಗ ಒಂದು ಮಾತು ಹೇಳಿಹೋದರು. “ವೀಳ್ಯ ಆಗೋಗೈತೆ ತಾಯಿ, ಜೇಷ್ಠದಾಗೇ.” ಅಂದರೆ ನೀವು ನನಗೆ ಮೊದಲ ಕಾಗದ ಬರೆಯುವುದಕ್ಕೆ ಎರಡು ತಿಂಗಳು ಮುಂಚೆಯೇ ವೀಳ್ಯ ಕೊಟ್ಟು ತೆಗೆದುಕೊಂಡಿದ್ದಿರಿ. ಹುಡುಗಿಯ ತಾಯಿ ನಾನು. ನನ್ನ ಪಾಲಿಗೆ ನೀವು ಉಳಿಸಿದ್ದು ಪಡಸಾಲೆ ಗುಡಿಸುವ ಕೆಲಸ.

ಈಗ ಕಾಗದಗಳ ವಿಚಾರ. ಮೊದಲು ಓದು ಬಾರದಾಗ ಕಣ್ಣಿಗೆ ಕಂಡಂತೆ ಬೇರೆ ಮಾಡಿದೆ. ಅರಿಸಿನ ಹಚ್ಚಿದ್ದು ಮದುವೆಯದು, ಛಾಪಾ ಇದ್ದದ್ದು ಸರ್ಕಾರದ್ದು, ಚಿತ್ರವಿದ್ದದ್ದು ಔಷಧಿಯದು. ಓದು ಬಂದ ಮೇಲೆ ಮತ್ತೆ ಕೂತು ಬಿಡಿಸಿದೆ. ಹಳೆಯ ಕ್ಯಾಲೆಂಡರು, ಔಷಧಿಯ ಕಾಗದ ಎಲ್ಲ ಹಂಡೆಯ ಒಲೆಗೆ ಹಾಕಿದೆ. ಸರಸ್ವತಿ ಸಿಟ್ಟಾದರೆ ನನ್ನನ್ನೇ ಕೇಳಲಿ. ಊರಿನವರ ಕಾಗದ ಊರಿನವರಿಗೆ ಕೊಡುತ್ತಿದ್ದೇನೆ. ಹುಚ್ಚಮ್ಮನ ಮಗನ ಸರ್ಟಿಫಿಕೇಟು ಏಳನೆಯ ಚೀಲದಲ್ಲಿತ್ತು. ಮನೆಯದು ಬೇರೆ ಗಂಟು.

ಇನ್ನು ಮೂರು ಚೀಲ ಇದೆ. ನೀವು ಹೇಳಿದ ಮಾತು ಇನ್ನೂ ಸಿಕ್ಕಿಲ್ಲ. ಸಿಕ್ಕುವುದೂ ಇಲ್ಲ ಎಂದುಕೊಂಡಿದ್ದೇನೆ.

ರುದ್ರಮ್ಮ


ಜಾವಗಲ್
೧೮-೩-೧೯೫೯

ಮೈದುನರಿಗೆ ಶರಣು.

ಎರಡು ತಿಂಗಳಾದರೂ ನಿಮ್ಮಿಂದ ಕಾಗದವಿಲ್ಲ. ಮಾಘ ಕಳೆದು ಶಿವರಾತ್ರಿಯೂ ಆಯಿತು.

ಸಿಕ್ಕಿತು. ಹತ್ತನೆಯ ಚೀಲದಲ್ಲಿ, ಹಳೆಯ ಪಂಚಾಂಗದ ನಡುವೆ ಮಡಿಸಿಟ್ಟಿದ್ದರು. ಅವರದೇ ಅಕ್ಷರ, ಜಯದೇವಪ್ಪನವರಿಗೆ ಬರೆದದ್ದರ ನಕಲು. ನೀವೂ ನೋಡಿ ಎಂದು ಇಲ್ಲಿ ಇಳಿಸುತ್ತೇನೆ.

‘ನನ್ನ ಮಗಳು ದ್ರಾಕ್ಷಾಯಣಿಯನ್ನು ತಮ್ಮ ಎರಡನೆಯ ಚಿರಂಜೀವಿಗೆ ಕೊಡಲು ನನ್ನ ಪೂರ್ಣ ಒಪ್ಪಿಗೆ ಇದೆ. ಮುಂದಿನ ವರ್ಷದ ಮಾಘದೊಳಗೆ ಕಾರ್ಯ ಮುಗಿಸೋಣ. ಈ ಬಗ್ಗೆ ಮನೆಯಲ್ಲಿ ಕೇಳುವ ಅಗತ್ಯವಿಲ್ಲ.’

ಕೆಳಗೆ ಸಹಿ, ೧೯೫೭ನೇ ಇಸವಿ ಸೆಪ್ಟೆಂಬರ್ ಮೂರು.

ಕೊನೆಯ ಸಾಲು ಓದಲು ನನಗೆ ಬಹಳ ಹೊತ್ತು ಹಿಡಿಯಿತು. ಅಕ್ಷರ ಕಷ್ಟವಿರಲಿಲ್ಲ.

ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಇಷ್ಟು ದಿನ ತಿಳಿದಿದ್ದೆ. ಹಾಗೆ ತಿಳಿದದ್ದು ನನ್ನ ತಪ್ಪು, ಕ್ಷಮಿಸಿ. ವೀಳ್ಯದ ವಿಚಾರ ಮುಚ್ಚಿಟ್ಟದ್ದು ನಿಮ್ಮ ತಪ್ಪು. ಅದು ನಿಮಗಿರಲಿ.

ಆಗ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಒಲೆ ಉರಿಯುತ್ತಿತ್ತು. ಅದನ್ನು ಅದರೊಳಗೆ ಹಾಕಿ, ಏನೂ ಸಿಗಲಿಲ್ಲ ಎಂದು ನಿಮಗೆ ಬರೆಯಬಹುದಿತ್ತು. ಆರು ತಿಂಗಳು ಕಣ್ಣು ಸೋಲಿಸಿಕೊಂಡು ಅಕ್ಷರ ಕಲಿತದ್ದು ಸುಡುವುದಕ್ಕಲ್ಲ. ದ್ರಾಕ್ಷಾಯಣಿ ಸ್ಕೂಲಿನಿಂದ ಬಂದ ಮೇಲೆ ಅವಳ ಕೈಗೆ ಕೊಟ್ಟೆ. ಓದಿ, ಮಡಿಸಿ ನನ್ನ ಕೈಗೇ ಕೊಟ್ಟಳು. ಆಮೇಲೆ, “ಅಪ್ಪನೇ ಬರ್ದವ್ರೆ ಅಂದ್ಮೇಲೆ ನಾನು ಹೋಗ್ಲೇಬೇಕಾ ಅವ್ವ?” ಎಂದಳು.

“ಅಪ್ಪ ನಿನ್ನ ಕೇಳಿದ್ರಾ?”

“ಇಲ್ಲ.”

“ನನ್ನೂ ಕೇಳ್ನಿಲ್ಲ. ಈಗ ನಾನ್ ಕೇಳ್ತಾ ಇವ್ನಿ. ನಿಂಗೇನ್ ಬೇಕು?”

“ಅರಸೀಕೆರೆ ಹೈಸ್ಕೂಲಿಗೆ ಹೋಗ್ಬೇಕು. ಲೆಕ್ಕ ಅಂದ್ರೆ ಭಯ. ಆದ್ರೂ ಹೋಗ್ತೀನಿ” ಎಂದಳು.

ನಿಮ್ಮಣ್ಣ ಮಾತು ಕೊಟ್ಟಿದ್ದರು, ಒಪ್ಪಿದೆ. ನಾನು ಕೊಟ್ಟಿಲ್ಲ. ಅವರ ಮಾತು ಅವರ ಜೊತೆಗೆ ಹೋಯಿತು. ನನ್ನದು ನನ್ನ ಬಾಯಲ್ಲೇ ಇದೆ. ಇದನ್ನು ನಾನೇ ಹೋಗಿ ಗಂಡಸಿಯವರಿಗೆ ಹೇಳುತ್ತೇನೆ. ನಿಮ್ಮನ್ನು ನಡುವೆ ನಿಲ್ಲಿಸುವುದಿಲ್ಲ.

ರುದ್ರಮ್ಮ


ಅರಸೀಕೆರೆ
೨೪-೩-೧೯೫೯

ಅತ್ತಿಗೆಯವರಿಗೆ.

ಹೋಗಬೇಡಿ. ಅಣ್ಣನ ಕೈಬರಹವೇ ಸಿಕ್ಕಿದ ಮೇಲೆ ಇನ್ನೇನು ತಕರಾರು? ಸಿಕ್ಕುವ ತನಕ ಎಂದಿರಿ, ಸಿಕ್ಕಿತು. ಇಷ್ಟು ದಿನ ಕಾದದ್ದಕ್ಕೆ ನನಗೆ ಸಿಕ್ಕ ಉತ್ತರ ಇದೇ?

ವೀಳ್ಯ ಕೊಟ್ಟವನು ನಾನು. ಹೆಂಗಸೊಬ್ಬಳು ಬಸ್ಸು ಹತ್ತಿ ಹೋಗಿ ಅದನ್ನು ಹಿಂದಕ್ಕೆ ಕೇಳಿದಳು ಎಂದರೆ ನಾನು ಕೊಬ್ಬರಿ ಮಂಡಿಯಲ್ಲಿ ತಲೆ ಎತ್ತಿ ಕೂರಲಾಗುವುದಿಲ್ಲ. ನೀವು ಹೋದದ್ದೇ ಆದರೆ ನನ್ನ ಮನೆಯ ಹೊಸ್ತಿಲು ನಿಮಗೂ ಇಲ್ಲ, ಆ ಹುಡುಗಿಗೂ ಇಲ್ಲ. ಹೈಸ್ಕೂಲಿಗೆಂದು ಬಂದರೆ ನಮ್ಮ ಮನೆಯಲ್ಲಿ ಇರಬಹುದು ಎಂದುಕೊಂಡಿದ್ದರೆ ಅದನ್ನು ಮರೆತುಬಿಡಿ.

ರೇವಣಸಿದ್ದಪ್ಪ


ಜಾವಗಲ್
೨-೪-೧೯೫೯

ಮೈದುನರಿಗೆ ಶರಣು.

ನಿಮ್ಮ ಕಾಗದ ಬರುವಷ್ಟರಲ್ಲಿ ನಾನು ಹೋಗಿ ಬಂದಾಗಿತ್ತು. ಮೊದಲೇ ಬಂದಿದ್ದರೂ ಹೋಗುತ್ತಿದ್ದೆ.

ಅರಸೀಕೆರೆಯಲ್ಲಿ ಬಸ್ಸು ಬದಲಿಸಬೇಕಾಗಿತ್ತು. ನಿಮ್ಮ ಅಂಗಡಿಯ ಮುಂದೆಯೇ ನಡೆದುಹೋದೆ. ನೀವು ಕೊಬ್ಬರಿ ಚೀಲ ಬಿಚ್ಚಿಸಿ ಯಾರಿಗೋ ತೋರಿಸುತ್ತಿದ್ದಿರಿ. ಕರೆಯಲಿಲ್ಲ.

ಜಯದೇವಪ್ಪನವರು ಜಗಲಿಯಲ್ಲಿದ್ದರು. ನಾನು ಯಾರೆಂದು ಹೇಳಿ, ಬಂದ ಕಾರಣ ಹೇಳಿದೆ. ಕೂರಿ ಎನ್ನಲಿಲ್ಲ. ನಿಂತೇ ಮಾತಾಡಿದೆ.

“ಗಂಡನ್ ಮಾತಿಗೆ ಬೆಲೆ ಇಲ್ವೇನವ್ವ ನಿಮ್ಮನೇಲಿ?” ಎಂದರು.

“ಐತೆ. ಅದ್ಕೇ ಕಾಗ್ದ ತಂದಿವ್ನಿ. ಸುಟ್ಟಾಕಿ, ಅಂಗೆಲ್ಲ ಮಾತೇ ಕೊಟ್ಟಿರ್ನಿಲ್ಲ ಅನ್ಬೋದಾಗಿತ್ತು.”

“ಅಸಲು ನನ್ ತಾವೈತೆ. ನೀನು ಓದಾಕ್ ಕಲ್ತಿದೀಯಂತಲ್ಲ, ಆಡ್ಕೊಂಡ್ ನಗ್ತಿದ್ರು ಮಂಡೀಲಿ. ಓದು ನೋಡಾನ, ಏನ್ ಬರ್ದವ್ರೆ ನಿನ್ ಗಂಡ.”

ಓದಿದೆ. ಅವಸರ ಮಾಡಲಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಮನೆಯಲ್ಲಿ ಕೇಳುವ ಅಗತ್ಯವಿಲ್ಲ ಎಂಬ ಸಾಲನ್ನೂ ಬಿಡದೆ ಓದಿ ಮಡಿಸಿದೆ. ಅವರ ಹೆಂಡತಿ ಬಾಗಿಲ ಮರೆಯಲ್ಲಿ ನಿಂತಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಆಕೆ ಅಲ್ಲಿಂದಲೇ, “ನಮ್ಮನೇಲೂ ಕೇಳ್ನಿಲ್ಲ” ಎಂದರು. ಅಷ್ಟೇ. ಮೆಲ್ಲಗೆ ಹೇಳಿದರು, ಆದರೆ ಜಗಲಿಯವರೆಗೆ ಕೇಳಿಸಿತು.

ಜಯದೇವಪ್ಪನವರು ಒಳಗೆ ತಿರುಗಿ ನೋಡಿದರು. ಆಮೇಲೆ ನನ್ನ ಕಡೆಗೆ ತಿರುಗಿ, “ಇಂಥ ತಾಯಿ ಹೆತ್ತ ಹೆಣ್ಣು ನಮಗೆ ಬ್ಯಾಡ. ನಡಿ” ಎಂದರು.

ಆ ಮಾತನ್ನು ಮಠದ ಪ್ರಸಾದದಂತೆ ಎರಡು ಕೈಯಲ್ಲಿ ತೆಗೆದುಕೊಂಡೆ. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಹುಣಸೆ ಮರದ ಕೆಳಗೆ ಕೂತೆ.

ನಿಮ್ಮ ಮನೆಯ ಹೊಸ್ತಿಲು ಇಲ್ಲ ಎಂದಿದ್ದೀರಿ, ಆಗಲಿ. ಸ್ಟೇಷನ್ ಹತ್ತಿರ ನ‌ನ್ನ ಚಿಕ್ಕಮ್ಮನ ಮಗಳು ಮಾದಮ್ಮ ಇದ್ದಾಳೆ. ಒಂದು ಕೋಣೆಯ ಮನೆ. ದ್ರಾಕ್ಷಾಯಣಿ ಅಲ್ಲಿರುತ್ತಾಳೆ.

ರುದ್ರಮ್ಮ


ಅರಸೀಕೆರೆ
೧೦-೮-೧೯೫೯

ಅತ್ತಿಗೆಯವರಿಗೆ ಶರಣು.

ನಾಲ್ಕು ತಿಂಗಳು ಬರೆಯಲಿಲ್ಲ. ಬರೆಯುವ ಮನಸ್ಸೂ ಇರಲಿಲ್ಲ.

ದ್ರಾಕ್ಷಾಯಣಿ ದಿನಾ ಅಂಗಡಿಯ ಮುಂದೆಯೇ ಸ್ಕೂಲಿಗೆ ಹೋಗುತ್ತಾಳೆ. ಮೊದಮೊದಲು ನಾನು ಮುಖ ತಿರುಗಿಸುತ್ತಿದ್ದೆ. ಅವಳು ಮಾತ್ರ ನಿಂತು ಕೈಮುಗಿದೇ ಹೋಗುತ್ತಿದ್ದಳು. ಹೋದ ವಾರ ನನ್ನ ಹೆಂಡತಿ ಅವಳನ್ನು ಒಳಗೆ ಕರೆದು ಊಟಕ್ಕಿಟ್ಟಳು. ನನ್ನನ್ನು ಕೇಳಲಿಲ್ಲ. ನಾನೂ ತಡೆಯಲಿಲ್ಲ.

ನೀವು ಮಾಡಿದ್ದರಿಂದ ನನಗೆ ಆದದ್ದನ್ನೂ ತಿಳಿಯಿರಿ. ನಮ್ಮ ದೊಡ್ಡವಳಿಗೆ ತಿಪಟೂರಿನಿಂದ ಬಂದಿದ್ದ ಸಂಬಂಧ ಹಿಂದಕ್ಕೆ ಹೋಯಿತು. ಕಾರಣ ಅವರು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಒಂದು ಕೆಲಸ ಮಾಡಿ. ಅಣ್ಣನ ಆ ಕಾಗದವನ್ನು ನನಗೆ ಕಳಿಸಿಕೊಡಿ. ಜಯದೇವಪ್ಪನವರ ಹತ್ತಿರ ಇರುವ ಅಸಲನ್ನು ಕರಿಬಸವಯ್ಯನವರು ಕೇಳಿ ತಂದುಕೊಡುತ್ತಾರೆ. ಎರಡನ್ನೂ ಸುಟ್ಟುಬಿಡುತ್ತೇನೆ. ಕಾಗದವೇ ಇಲ್ಲದ ಮೇಲೆ ಜನ ಎಷ್ಟು ದಿನ ಆಡಿಕೊಳ್ಳುತ್ತಾರೆ? ಮಾತು ಕೊಟ್ಟದ್ದೂ ಇಲ್ಲ, ಮುರಿದದ್ದೂ ಇಲ್ಲ ಎಂದಾಗುತ್ತದೆ. ಅಣ್ಣನ ಹೆಸರೂ ಉಳಿಯುತ್ತದೆ, ನಿಮ್ಮದೂ ಉಳಿಯುತ್ತದೆ.

ನಿಮ್ಮ ಮೈದುನ
ರೇವಣಸಿದ್ದಪ್ಪ


ಜಾವಗಲ್
೧೯-೮-೧೯೫೯

ಮೈದುನರಿಗೆ ರುದ್ರಮ್ಮ ಮಾಡುವ ಶರಣು.

ನಿಮ್ಮ ದೊಡ್ಡವಳ ವಿಚಾರ ಓದಿ ಎರಡು ದಿನ ಕೆಲಸ ಸಾಗಲಿಲ್ಲ. ಅವಳು ನನ್ನ ಮಡಿಲಲ್ಲಿ ಆಡಿದ ಮಗು. ಅದು ನನ್ನಿಂದ ಆಗಿಲ್ಲ ಎಂದು ಹೇಳುವುದಿಲ್ಲ. ಆ ನೋವು ನನಗೂ ಇರಲಿ. ಆದರೆ ಹಿಂದಕ್ಕೆ ಹೋದವರಿಗಾಗಿ ನೀವು ತಲೆ ತಗ್ಗಿಸಬೇಡಿ. ಅವಳನ್ನೂ ಒಂದು ಸಲ ಕೂರಿಸಿಕೊಂಡು ಕೇಳಿ. ಹೋದದ್ದಕ್ಕೆ ಅವಳು ಅಳುತ್ತಿದ್ದಾಳೋ ಇಲ್ಲವೋ, ನೀವು ಬರೆದಿಲ್ಲ.

ಕಾಗದವನ್ನು ಮಾತ್ರ ಕಳಿಸುವುದಿಲ್ಲ.

ಹನ್ನೊಂದು ಚೀಲದಲ್ಲಿ ಈಗ ಉಳಿದಿರುವುದು ಪಂಚೆಯಲ್ಲಿ ಕಟ್ಟಿದ ಮೂರು ಗಂಟು. ಒಂದು ಈ ಮನೆಯ ಜಾಗದ್ದು. ಇನ್ನೊಂದು, ಹುಡುಕಿದರೂ ವಾರಸುದಾರರು ಸಿಕ್ಕದ ಕಾಗದಗಳದು. ಮೂರನೆಯದು ದ್ರಾಕ್ಷಾಯಣಿಯದು. ಅವಳು ಹುಟ್ಟಿದ ಗಳಿಗೆ ಬರೆದಿಟ್ಟ ಚೀಟಿ, ಸ್ಕೂಲಿನವು, ಎಲ್ಲ ಅದರಲ್ಲಿವೆ. ಗಂಟಿನ ಮೇಲೆ ಅವಳ ಹೆಸರನ್ನು ನಾನೇ ಬರೆದಿದ್ದೇನೆ. ಕ್ಷ ಅಕ್ಷರ ಸ್ವಲ್ಪ ದಪ್ಪವಾಗಿದೆ.

ಅವಳಪ್ಪ ಬರೆದ ಆ ಕಾಗದವನ್ನು ಅದರಲ್ಲಿಯೇ ಇಟ್ಟಿದ್ದೇನೆ. ಅದರ ಜೊತೆಗೆ ನಾನು ಬರೆದ ಒಂದು ಹಾಳೆಯನ್ನೂ ಇಟ್ಟಿದ್ದೇನೆ. ಯಾವ ದಿನ ಗಂಡಸಿಗೆ ಹೋದೆ, ಅವರು ಏನೆಂದರು, ನಾನು ಏನೆಂದೆ, ಆ ತಾಯಿ ಬಾಗಿಲ ಮರೆಯಿಂದ ಏನೆಂದರು, ನಿಮ್ಮ ಮನೆಯ ಸಂಬಂಧ ಹೇಗೆ ಹೋಯಿತು, ಎಲ್ಲ ಇದೆ. ನನಗೆ ಒಳ್ಳೆಯದಾಗಿ ಕಾಣುವುದನ್ನಷ್ಟೇ ಆರಿಸಿ ಬರೆದದ್ದಲ್ಲ.

ಇಪ್ಪತ್ತೆರಡು ವರ್ಷ ನನ್ನ ಕೈಕೆಳಗೇ ಇದ್ದ ಕಾಗದದಲ್ಲಿ ನನ್ನ ವಿಚಾರ ಏನು ಬರೆದಿದ್ದಾರೆ ಎಂದು ತಿಳಿಯದೆ ನಾನು ಬದುಕಿದೆ. ಹಾಗೆ ಅವಳು ಬದುಕಬಾರದು. ದೊಡ್ಡವಳಾದ ಮೇಲೆ ಅಪ್ಪ ಹೀಗೇಕೆ ಮಾತು ಕೊಟ್ಟ ಎಂದು ಬೈಯಬಹುದು. ಇಲ್ಲವೆ, ಒಳ್ಳೆಯ ಮನೆ ತಪ್ಪಿಸಿದಳು ಅವ್ವ ಎಂದು ನನ್ನನ್ನೇ ಬೈಯಬಹುದು. ಬೈಯಲಿ. ಓದಿ ಬೈಯಲಿ.

ರುದ್ರಮ್ಮ